ತ್ರಿಪದಿಗಳನ್ನು ಬೇಡಿ ತಂದ ಅಯ್ಯನವರು
(ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬದುಕು ಬರಹಗಳ ಒಂದು ಪರಾಮರ್ಶೆ)



ಲಕ್ಷ್ಮೇಶ್ವರದ ಬಳಿಯ ಅಡರಕಟ್ಟಿಯಂಥ ಊರಿನಲ್ಲಿ ಸಂಜೆಯ ಹೊತ್ತು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ನೋಡಿರಿ. ಎರೆಹೊಲದಿಂದ ಹಿಂದಿರುಗಿದ ಹಿರಿಯರು ಮಳೆ, ಬೆಳೆ, ಸಾಲ, ಸಂಬಂಧಗಳ ಮಾತನಾಡುತ್ತಿರುತ್ತಾರೆ. ಮಾತು ಬಿಗಿಯಾದಾಗ ಯಾರೋ ಒಬ್ಬರು ಮೂರು ಸಾಲಿನ ಪದ್ಯವೊಂದನ್ನು ಹೇಳಿ, ಕೊನೆಗೆ ‘ಸರ್ವಜ್ಞ’ ಎಂದು ನಿಲ್ಲಿಸುತ್ತಾರೆ. ಅಲ್ಲಿಗೆ ವಾದ ಮುಗಿಯುತ್ತದೆ. ಹೇಳಿದವರಿಗೆ ಶಾಲೆಯ ಓದು ಇರಬಹುದು, ಇಲ್ಲದಿರಬಹುದು. ತ್ರಿಪದಿ ಮಾತ್ರ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ.

ಹೀಗೆ ಚದುರಿದ್ದ ಈ ಪದ್ಯಗಳನ್ನು ಕೂಡಿಸಿ, ತಿದ್ದಿ, ವಿಂಗಡಿಸಿ, ೧೯೨೪ರಲ್ಲಿ ‘ಸರ್ವಜ್ಞನ ವಚನಗಳು’ ಎಂಬ ದೊಡ್ಡ ಗ್ರಂಥವನ್ನಾಗಿ ನಾಡಿಗೆ ಕೊಟ್ಟವರು ಯಾರು ಎಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿದರೆ ಏನು ಉತ್ತರ ಬಂದೀತು? ಅವರು ನಮ್ಮ ಸಭೆಯವರೇ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕನ್ನಡನಾಡು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಪ್ರೀತಿಯಿಂದ ಕರೆಯಿತು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ನಡೆದ ಮೂವತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂಡಿಸಿತು. ನಮ್ಮ ಸಭೆಗಳಲ್ಲಿ ಮಾತ್ರ ಅವರ ಹೆಸರು ಈಗ ಅಪರೂಪ. ಕೇಳಿಬಂದರೂ ಅದು ಅಭಿಮಾನದ ಮಾತಾಗಿ ಬರುತ್ತದೆಯೇ ಹೊರತು ಓದಿದವರ ಮಾತಾಗಿ ಬರುವುದು ವಿರಳ. ಆದುದರಿಂದ ಈ ಲೇಖನದಲ್ಲಿ ಅವರನ್ನು ಹೊಗಳುವುದಕ್ಕಿಂತ ಅವರ ಕೆಲಸವನ್ನು ಪರೀಕ್ಷಿಸಿ ನೋಡಬೇಕೆಂದಿದ್ದೇನೆ. ಅವರ ಬದುಕು ಬರಹಗಳು ನಮಗೆ ಕಲಿಸುವ ಪಾಠ ಒಂದೇ ಎಂದು ನನಗೆ ತೋರುತ್ತದೆ: ನೆರೆಯವನಿಗೆ ಹೇಳಹೋಗುವವನು ಮೊದಲು ನೆರೆಯವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು.

ಹೆಸರಿನಲ್ಲಿಯೇ ಒಂದು ಚರಿತ್ರೆ

ಅವರ ಪೂರ್ಣ ಹೆಸರು ಚನ್ನಪ್ಪ ದಾನಿಯೇಲಪ್ಪ ಉತ್ತಂಗಿ. ಈ ಮೂರು ಮಾತುಗಳನ್ನು ನಿಧಾನವಾಗಿ ಓದಿರಿ. ‘ಚನ್ನಪ್ಪ’ ಎಂಬುದು ಈ ಸೀಮೆಯ ಯಾವ ಓಣಿಯಲ್ಲಿಯೂ ಕೇಳಬಹುದಾದ ಹೆಸರು. ‘ದಾನಿಯೇಲ’ ಸತ್ಯವೇದದ ಪ್ರವಾದಿ. ಆದರೆ ‘ಅಪ್ಪ’ ಸೇರಿದ ಕೂಡಲೇ ಅವನು ಧಾರವಾಡದ ಕಡೆಯವನಾಗಿಬಿಟ್ಟಿದ್ದಾನೆ. ‘ಉತ್ತಂಗಿ’ ಊರಿನ ಹೆಸರು. ಮುಂಡರಗಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿಯ ಸೀಮೆ. ಉತ್ತಂಗಿ ಆ ಸೀಮೆಯ ಊರು. ಹುಟ್ಟಿದ ನಾಡು, ನಂಬಿದ ವೇದ, ಪೂರ್ವಜರ ಊರು ಎಂಬ ಮೂರನ್ನೂ ಅವರು ತಮ್ಮ ಹೆಸರಿನಲ್ಲಿ ಹೊತ್ತಿದ್ದರು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಎಂದೂ ಅನ್ನಿಸಲಿಲ್ಲ.

ಅವರು ಜನಿಸಿದ್ದು ೧೮೮೧ರ ಅಕ್ಟೋಬರ್ ೨೮ರಂದು, ಧಾರವಾಡದಲ್ಲಿ. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದು, ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ, ೧೮೪೧ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆದಿದ್ದರು. ಈ ಪರಂಪರೆಯಲ್ಲಿ ದೇವಾಲಯದ ಪಕ್ಕದಲ್ಲಿ ಶಾಲೆ ಇರುವುದು ವಾಡಿಕೆ. ಓದಲು ಬಾರದವನಿಗೆ ಸತ್ಯವೇದವನ್ನು ಕೊಟ್ಟು ಫಲವೇನು ಎಂಬುದು ಅವರ ನೇರವಾದ ವಿಚಾರ. ಮಿಷನ್ನಿನ ಆ ಬಗೆಯ ಶಿಕ್ಷಣದಲ್ಲಿ ಬೆಳೆದ ಚನ್ನಪ್ಪನವರು ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಅಭ್ಯಾಸ ಮಾಡಿ ಸಭಾಸೇವೆಗೆ ಇಳಿದರು.

ಅವರ ಸೇವೆಯ ಮೊದಲ ವರ್ಷಗಳಲ್ಲಿಯೇ ಒಂದು ದೊಡ್ಡ ಪರೀಕ್ಷೆ ಬಂದಿತು. ೧೯೧೪ರಲ್ಲಿ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ಜರ್ಮನ್ ಮಿಷನರಿಗಳು ಶತ್ರುದೇಶದವರು. ಅವರು ಬಂಧನಕ್ಕೊಳಗಾದರು, ಬಳಿಕ ದೇಶ ಬಿಡಬೇಕಾಯಿತು. ಅದುವರೆಗೆ ಹೊರಗಿನಿಂದ ಬಂದವರ ಕೈಯಲ್ಲಿದ್ದ ಸಭೆಗಳ ಭಾರ ಈ ನಾಡಿನ ಸೇವಕರ ಹೆಗಲಿಗೆ ಬಂದಿತು. ನಮ್ಮ ಸಭೆ ಯಾರದು, ಅದರ ಭಾಷೆ ಯಾವುದು, ಸುತ್ತಲಿನ ಜನರೊಡನೆ ಅದರ ಸಂಬಂಧವೇನು ಎಂಬ ಪ್ರಶ್ನೆಗಳು ಆಗ ಪುಸ್ತಕದ ಪ್ರಶ್ನೆಗಳಾಗಿ ಉಳಿದಿರಲಿಲ್ಲ. ಉತ್ತಂಗಿಯವರ ಬರವಣಿಗೆಯನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು.

ಎರಡು ಬಗೆಯ ಕಿವಿ

ನಮ್ಮ ಸೀಮೆಯ ಸಭಾಚರಿತ್ರೆಯಲ್ಲಿ ಮಲ್ಲಸಮುದ್ರದ ಪ್ರಸಂಗವೊಂದಿದೆ. ಆ ಊರು ಗದಗಿಗೆ ಸಮೀಪದಲ್ಲಿದೆ. ೧೮೪೦ರ ಸುಮಾರಿಗೆ ಕಾಲಜ್ಞಾನದ ನುಡಿಗಳನ್ನು ನಂಬಿದ್ದ ಒಂದು ಜನಸಮುದಾಯ ಮಿಷನರಿಗಳನ್ನು ಕಂಡು ಮಾತನಾಡಿತು. ಮುಂದೆ ಬರಲಿರುವ ಒಬ್ಬ ಒಡೆಯನ ವಿಷಯ ಆ ನುಡಿಗಳಲ್ಲಿತ್ತು. ಮಿಷನರಿಗಳ ಹೃದಯ ಉಬ್ಬಿತು. ಸಾವಿರಾರು ಜನ ಸಭೆಗೆ ಸೇರುವರೆಂದು ಎಣಿಸಿದರು. ಅವರಿಗಾಗಿ ೧೮೪೧ರಲ್ಲಿ ಮಲ್ಲಸಮುದ್ರದಲ್ಲಿ ಒಕ್ಕಲುತನದ ಒಂದು ವಸಾಹತನ್ನೂ ಆರಂಭಿಸಿದರು. ಆದರೆ ನಿರೀಕ್ಷಿಸಿದ ಜನ ಬರಲಿಲ್ಲ. ಆ ಮಿಷನರಿಗಳ ಶ್ರದ್ಧೆಯನ್ನು ನಾವು ಸಂಶಯಿಸಬಾರದು. ಆದರೂ ಅವರು ಆ ಜನರ ನುಡಿಯಲ್ಲಿ ತಮಗೆ ಬೇಕಾದುದನ್ನಷ್ಟೇ ಕೇಳಿಸಿಕೊಂಡರೆಂದು ಹೇಳದೆ ವಿಧಿಯಿಲ್ಲ. ಆ ಜನರು ಏನನ್ನು ಎದುರುನೋಡುತ್ತಿದ್ದರು, ಅವರ ಪದಗಳಿಗೆ ಅವರ ಬಾಯಲ್ಲಿ ಏನು ಅರ್ಥವಿತ್ತು ಎಂಬುದನ್ನು ಅರಿಯುವ ಮೊದಲೇ ವಸಾಹತು ಸಿದ್ಧವಾಗಿತ್ತು.

ಎಲ್ಲ ಮಿಷನರಿಗಳೂ ಹೀಗಿದ್ದರೆಂದರೆ ಅನ್ಯಾಯವಾಗುತ್ತದೆ. ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಬಸವಪುರಾಣ, ಜೈಮಿನಿ ಭಾರತ ಮತ್ತು ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಫರ್ಡಿನಂಡ್ ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಹೊರಬಂದು ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಉತ್ತಂಗಿಯವರು ನಿಂತದ್ದು ಈ ಹಿರಿಯರು ಹಾಕಿದ ಪಾಯದ ಮೇಲೆಯೇ. ಆದರೆ ಒಂದು ಭೇದವಿದೆ. ಆ ಹಿರಿಯರು ಕನ್ನಡವನ್ನು ಕಲಿತವರು, ಇವರು ಕನ್ನಡದಲ್ಲಿಯೇ ಹುಟ್ಟಿದವರು. ಸರ್ವಜ್ಞನ ಮಾತು ಇವರಿಗೆ ಸಂಶೋಧನೆಯ ಸಾಮಗ್ರಿಯಾಗುವ ಮೊದಲು ಓಣಿಯಲ್ಲಿ ಕಿವಿಗೆ ಬೀಳುತ್ತಿದ್ದ ಮಾತು.

ಸರ್ವಜ್ಞನ ಸಂಪಾದನೆ

ತ್ರಿಪದಿ ಬಹಳ ಹಳೆಯ ಮಟ್ಟು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ೭೦೦ನೆಯ ಇಸವಿಯಷ್ಟು ಹಿಂದೆ, ಅದು ಕಾಣಿಸಿಕೊಂಡಿದೆ. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡಿದ್ದೂ ಇದೇ ಮಟ್ಟಿನಲ್ಲಿ. ಮೂರು ಸಾಲುಗಳಲ್ಲಿ ಒಟ್ಟು ಹನ್ನೊಂದು ಗಣಗಳು. ಅವುಗಳಲ್ಲಿ ಆರನೆಯದೂ ಹತ್ತನೆಯದೂ ಚಿಕ್ಕವು. ಬಾಯಿಂದ ಬಾಯಿಗೆ ಹೋಗುವಾಗ ಪದ ಬದಲಾಗುತ್ತದೆ, ಪ್ರತಿಕಾರನ ಕೈಯಲ್ಲಿ ಅಕ್ಷರ ತಪ್ಪುತ್ತದೆ. ಒಂದೂರಿನಲ್ಲಿ ಒಂದು ಪಾಠ, ಇನ್ನೊಂದೂರಿನಲ್ಲಿ ಮತ್ತೊಂದು. ಸಂಪಾದಕನು ಇವೆಲ್ಲವನ್ನೂ ಎದುರಿಗಿಟ್ಟುಕೊಂಡು, ಗಣ ಎಲ್ಲಿ ಮುರಿಯುತ್ತದೆ, ಅರ್ಥ ಎಲ್ಲಿ ಕುಂಟುತ್ತದೆ, ಯಾವ ಪದ ಹಳೆಯದು, ಯಾವುದು ಹೊಸ ಸೇರ್ಪಡೆ ಎಂದು ತೂಗಿ ನೋಡಬೇಕು. ಒಂದು ಪದ್ಯಕ್ಕೆ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಉತ್ತಂಗಿಯವರ ಸಂಗ್ರಹದಲ್ಲಿರುವ ಪದ್ಯಗಳು ಎರಡು ಸಾವಿರದ ಸಮೀಪ. ಭಾನುವಾರದ ಆರಾಧನೆ, ಸಭೆಯವರ ಭೇಟಿ, ಮದುವೆ, ಮಣ್ಣು ಮುಂತಾದ ಸೇವೆಯ ಕರ್ತವ್ಯಗಳ ನಡುವೆ ವರ್ಷಗಟ್ಟಲೆ ಈ ಕೆಲಸ ನಡೆದಿದೆ. ಸರ್ವಜ್ಞನು ಊರೂರು ತಿರಿದು ಉಂಡವನು. ಅವನ ಪದ್ಯಗಳನ್ನು ಕೂಡಿಸಲು ಹೊರಟವನೂ ತಿರುಕನೇ ಆಗಬೇಕಾಯಿತು. ಚನ್ನಪ್ಪನವರಿಗೆ ಆ ಬಿರುದು ಸಲ್ಲುವುದು ಇದಕ್ಕಾಗಿ.

ಈ ಗ್ರಂಥದ ನಿಜವಾದ ಹಿರಿಮೆ ಮಾತ್ರ ಬೇರೊಂದು ಕಡೆಯಲ್ಲಿದೆ. ಅದನ್ನು ನಮ್ಮಂಥ ಸಭೆಯವರು ವಿಶೇಷವಾಗಿ ಗಮನಿಸಬೇಕು. ಸರ್ವಜ್ಞನು ಜಾತಿಯ ಹೆಮ್ಮೆಯನ್ನು ಹಳಿದಿದ್ದಾನೆ. ಕಲ್ಲಿನ ಪೂಜೆಯನ್ನು ಕೆಣಕಿದ್ದಾನೆ. ಹೊಟ್ಟೆಪಾಡಿನ ಗುರುಗಳನ್ನು ನಗೆಪಾಟಲು ಮಾಡಿದ್ದಾನೆ. ಸುವಾರ್ತೆಯನ್ನು ಸಾರುವವನೊಬ್ಬನ ಕೈಗೆ ಇಂಥ ಕವಿ ಸಿಕ್ಕಿದರೆ ಯಾವ ಶೋಧನೆ ಬರಬಹುದೆಂದು ಯೋಚಿಸಿರಿ. ತನಗೆ ಅನುಕೂಲವಾದ ನೂರು ಪದ್ಯಗಳನ್ನು ಆಯ್ದು, ಚಿಕ್ಕ ಪುಸ್ತಕ ಮಾಡಿ, ನೋಡಿರಿ, ನಿಮ್ಮ ಕವಿಯೇ ನಿಮ್ಮನ್ನು ಖಂಡಿಸಿದ್ದಾನೆ ಎಂದು ಸಂತೆಯಲ್ಲಿ ಹಂಚಬಹುದಾಗಿತ್ತು. ಉತ್ತಂಗಿಯವರು ಹಾಗೆ ಮಾಡಲಿಲ್ಲ. ಶಿವನನ್ನು ಕೊಂಡಾಡುವ ಪದ್ಯ, ಲಿಂಗವನ್ನೂ ಗುರುವನ್ನೂ ಹಾಡುವ ಪದ್ಯ, ಅಡುಗೆಯ ರುಚಿಯ ಪದ್ಯ, ಒಗಟು, ಲೋಕದ ಚೇಷ್ಟೆ ಎಲ್ಲವೂ ಅವರ ಗ್ರಂಥದಲ್ಲಿ ತಮ್ಮ ತಮ್ಮ ಸ್ಥಾನದಲ್ಲಿವೆ. ಸರ್ವಜ್ಞನನ್ನು ಅವರು ಸರ್ವಜ್ಞನಾಗಿಯೇ ಇರಗೊಟ್ಟರು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ನಾವು ನ್ಯಾಯಾಲಯಕ್ಕೆ ಸಂಬಂಧಿಸಿದ್ದೆಂದು ತಿಳಿದಿದ್ದೇವೆ. ನೆರೆಯವನ ಗ್ರಂಥದ ವಿಷಯದಲ್ಲಿಯೂ ಆ ಆಜ್ಞೆ ಸಲ್ಲುತ್ತದೆಂಬುದನ್ನು ಈ ಅಯ್ಯನವರು ಸಂಪಾದನೆಯ ಕೆಲಸದಿಂದ ಮಾಡಿ ತೋರಿಸಿದರು.

ಆದರೆ ವಿಮರ್ಶೆಯ ಕಣ್ಣಿಗೆ ಕಾಣುವ ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಪದ್ಯಗಳನ್ನು ವಿಷಯಕ್ಕನುಸಾರವಾಗಿ ವಿಂಗಡಿಸಿದ್ದು ಓದುವವನಿಗೆ ಅನುಕೂಲ. ಆದರೆ ಕಟ್ಟೆಯ ಮೇಲೆ ಬಿಡಿಬಿಡಿಯಾಗಿ, ಹೊತ್ತಿಗೆ ತಕ್ಕಂತೆ ಹೊಳೆಯುವ ತ್ರಿಪದಿಗೆ ಇಂಥ ವಿಂಗಡಣೆ ಶಾಸ್ತ್ರದ ಬಿಗಿಯನ್ನು ತೊಡಿಸುತ್ತದೆ. ಎರಡನೆಯದಾಗಿ, ಇಷ್ಟೊಂದು ಪದ್ಯಗಳನ್ನು ಒಬ್ಬನೇ ಹೇಳಿದನೇ ಎಂಬ ಪ್ರಶ್ನೆ ವಿದ್ವಾಂಸರಲ್ಲಿ ಉಳಿದೇ ಇದೆ. ಸರ್ವಜ್ಞನ ಅಂಕಿತವನ್ನು ಇಟ್ಟುಕೊಂಡು ಹೆಸರಿಲ್ಲದ ಎಷ್ಟೋ ಮಂದಿ ತಮ್ಮ ಅನುಭವವನ್ನು ಸೇರಿಸಿರಬೇಕು. ಮೂರನೆಯದಾಗಿ, ಆ ಪದ್ಯಗಳಲ್ಲಿ ಕೆಲವು ಹೆಣ್ಣುಮಕ್ಕಳನ್ನೂ ಕೆಲವು ಕಸುಬಿನವರನ್ನೂ ಹೀನಾಯವಾಗಿ ಕಾಣುತ್ತವೆ. ಪ್ರಾಮಾಣಿಕ ಸಂಪಾದಕನು ಅವನ್ನು ತೆಗೆದುಹಾಕಲಾರನು, ನಿಜ. ಆದರೆ ಇಂದು ಮನೆಯಲ್ಲಿ ಅವನ್ನು ಓದುವ ತಂದೆತಾಯಿಗಳು ಮಕ್ಕಳೊಡನೆ ಆ ವಿಷಯವನ್ನು ಮಾತನಾಡಲೇಬೇಕು. ಹಿರಿಯರ ಮಾತೆಂಬ ಕಾರಣಕ್ಕೆ ಎಲ್ಲವೂ ಹಿತವಾಗುವುದಿಲ್ಲ.

ಬನಾರಸದಿಂದ ಕಲ್ಯಾಣಕ್ಕೆ

ಅವರ ಇನ್ನೊಂದು ಪುಸ್ತಕದ ಹೆಸರೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ: ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಇಲ್ಲಿ ‘ವಿನಂತಿ’ ಎಂಬ ಮಾತನ್ನು ಗಮನಿಸಿರಿ. ಆ ಕಾಲದ ಬೋಧನೆಯ ಪುಸ್ತಕಗಳಲ್ಲಿ ಖಂಡನೆ, ನಿರಾಕರಣೆ, ಎಚ್ಚರಿಕೆಗಳ ಧ್ವನಿ ಹೆಚ್ಚು. ಬೆತ್ಲೆಹೇಮು ಬನಾರಸದ ಬಾಗಿಲಿಗೆ ಬಂದು ಕೈಮುಗಿದು ನಿಂತು ಮಾತನಾಡುತ್ತದೆ ಎಂಬ ಕಲ್ಪನೆಯೇ ಅಪೂರ್ವ. ವಿನಂತಿ ಮಾಡುವವನು ಎದುರಿನವರ ಮನೆಯ ಹಿರಿತನವನ್ನು ಮೊದಲು ಒಪ್ಪಿಕೊಂಡಿರುತ್ತಾನೆ. ಗೋದಲಿಯಲ್ಲಿ ಹುಟ್ಟಿದ ಕರ್ತನ ಸುದ್ದಿಯನ್ನು ಹೇಳುವವನಿಗೆ ಇದಕ್ಕಿಂತ ಒಪ್ಪುವ ನಿಲುವು ಯಾವುದಿದ್ದೀತು?

ಆದರೂ ಆ ಹೆಸರಿನಲ್ಲಿ ನನಗೊಂದು ಕೊರತೆ ಕಾಣುತ್ತದೆ. ಬನಾರಸವೆಂದರೆ ಸಂಸ್ಕೃತ, ಶಾಸ್ತ್ರ, ಪಂಡಿತರು. ಧಾರವಾಡ, ಗದಗು, ಮುಂಡರಗಿ, ಶಿರಹಟ್ಟಿಗಳಲ್ಲಿ ಈ ಅಯ್ಯನವರ ನೆರೆಹೊರೆಯಾಗಿದ್ದವರು ಒಕ್ಕಲಿಗರು, ನೇಕಾರರು, ಬಣಜಿಗರು, ಕುಂಬಾರರು, ಮಾದಿಗರು, ಹೊಲೆಯರು. ಅವರ ಹಂಬಲದ ಊರುಗಳು ಕೂಡಲಸಂಗಮ, ಕಲ್ಯಾಣ, ಶ್ರೀಶೈಲ. ಬನಾರಸಕ್ಕೆ ಬರೆದ ಪತ್ರ ಈ ಓಣಿಗಳಿಗೆ ಹೇಗೆ ತಲುಪೀತು? ಇದನ್ನು ಬೇರೆ ಯಾರಿಗಿಂತಲೂ ಮೊದಲು ಉತ್ತಂಗಿಯವರೇ ಮನಗಂಡಿರಬೇಕೆಂದು ಅವರ ಮುಂದಿನ ಬರಹಗಳನ್ನು ನೋಡಿದರೆ ಅನ್ನಿಸುತ್ತದೆ. ‘ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ’, ‘ಅನುಭವ ಮಂಟಪದ ಐತಿಹಾಸಿಕತೆ’, ‘ಸಿದ್ಧರಾಮ ಸಾಹಿತ್ಯ ಸಂಗ್ರಹ’, ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು: ಹೀಗೆ ಅವರ ದಾರಿ ಬನಾರಸದ ಕಡೆಯಿಂದ ತಿರುಗಿ ಕಲ್ಯಾಣದ ಕಡೆಗೆ ಸಾಗಿತು. ದೂರದ ಪಂಡಿತನನ್ನು ಉದ್ದೇಶಿಸಿ ಮಾತನಾಡುತ್ತಿದ್ದವರು ಪಕ್ಕದ ಮನೆಯವನ ಜಗುಲಿಗೆ ಬಂದು ಕುಳಿತರು. ಅವರ ಬರಹದ ಬದುಕಿನಲ್ಲಿ ಇದು ಅತಿ ದೊಡ್ಡ ತಿರುವು.

ಲಕ್ಷ್ಮೇಶ್ವರದ ಸುತ್ತಿನವರಿಗೆ ಇದರಲ್ಲೊಂದು ವಿಶೇಷ ಸಂತೋಷವುಂಟು. ಅವರು ಸಂಪಾದಿಸಿದ ವಚನಕಾರರಲ್ಲಿ ಆದಯ್ಯನೂ ಒಬ್ಬ. ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದು, ಸೋಮನಾಥನನ್ನು ಇಲ್ಲಿಗೆ ತಂದು ನೆಲೆಗೊಳಿಸಿದನೆಂದು ಐತಿಹ್ಯ ಹೇಳುವ ಆ ಆದಯ್ಯನ ಕಥೆಯನ್ನು ರಾಘವಾಂಕನು ‘ಸೋಮನಾಥ ಚಾರಿತ್ರ’ದಲ್ಲಿ ಹಾಡಿದ್ದಾನೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಂದು ಗುರುತಿಸಿದ ನಾಡು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದು. ಆದಿಕವಿ ಪಂಪನೂ ತನ್ನ ಕಾವ್ಯದ ಕನ್ನಡ ಪುಲಿಗೆರೆಯದೆಂದು ಅಭಿಮಾನಪಟ್ಟವನು. ಚನ್ನಪ್ಪನವರ ಬಿರುದಿನಲ್ಲಿರುವ ‘ತಿರುಳ್ಗನ್ನಡ’ ನಿಮ್ಮ ಮನೆಯ ಮಾತೇ ಆಗಿದೆ. ಅಡರಕಟ್ಟಿಯ ಹೊಲದ ಬದುವಿನ ಮೇಲೆ ಕೇಳಿಬರುವ ಕನ್ನಡವನ್ನು ನಮ್ಮ ಮಕ್ಕಳು ಹಳ್ಳಿಯ ಭಾಷೆಯೆಂದು ನಾಚಿಕೊಳ್ಳುವ ಮೊದಲು ಈ ಸಂಗತಿಯನ್ನು ಅವರಿಗೆ ತಿಳಿಸಬೇಕಲ್ಲವೇ?

ಪ್ರೀತಿಯೂ ಪ್ರಮಾಣವೂ

‘ಅನುಭವ ಮಂಟಪದ ಐತಿಹಾಸಿಕತೆ’ಯ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅಂಥ ಮಂಟಪವೊಂದು ಕಲ್ಯಾಣದಲ್ಲಿ ನಿಜವಾಗಿಯೂ ಇತ್ತೇ ಎಂಬ ಸಂಶಯಕ್ಕೆ ಉತ್ತರವಾಗಿ, ಇತ್ತೆಂದು ಸ್ಥಾಪಿಸಲು ಉತ್ತಂಗಿಯವರು ಶ್ರಮಿಸಿದರು. ಲಿಂಗಾಯತರ ಪರವಾಗಿ ಒಬ್ಬ ಕ್ರೈಸ್ತ ಸಭಾಪಾಲಕನು ವಾದಕ್ಕೆ ನಿಂತದ್ದು ಅಸಾಧಾರಣವಾದ ದೃಶ್ಯ. ಆದರೆ ಪ್ರೀತಿ ಹೆಚ್ಚಾದ ಕಡೆ ಪ್ರಮಾಣದ ತೂಕ ತಪ್ಪುವ ಅಪಾಯ ಇದ್ದೇ ಇದೆ. ಆ ಮಂಟಪದ ವಿವರವಾದ ಚಿತ್ರ ನಮಗೆ ದೊರೆಯುವುದು ಮುಖ್ಯವಾಗಿ ‘ಶೂನ್ಯಸಂಪಾದನೆ’ಯಂಥ ಕೃತಿಗಳಿಂದ. ಅವು ಹದಿನೈದನೆಯ ಶತಮಾನದವು. ಬಸವಣ್ಣನವರು ಹನ್ನೆರಡನೆಯ ಶತಮಾನದವರು. ಈ ಮೂರು ನೂರು ವರ್ಷಗಳ ಅಂತರವನ್ನು ಭಕ್ತಿಯೊಂದರಿಂದಲೇ ದಾಟಲಾಗದು. ಶರಣರು ಒಂದೆಡೆ ಕೂಡಿ ಮಾತುಕತೆ ನಡೆಸಿದ್ದರೆಂಬುದಕ್ಕೆ ವಚನಗಳೇ ಸಾಕ್ಷಿ ನುಡಿಯುತ್ತವೆ. ಆದರೆ ಮಂಟಪದ ರೂಪ, ವಿಧಿವಿಧಾನಗಳ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ.

ಇದನ್ನು ಅವರ ದೋಷವೆಂದು ಎತ್ತಿ ತೋರಿಸುವ ಮನಸ್ಸು ನನಗಿಲ್ಲ. ಪರರ ಪರಂಪರೆಯ ವಿಷಯ ಬಂದಾಗ ಹೆಚ್ಚು ನಂಬಿ ತಪ್ಪುವುದು, ಹೆಚ್ಚು ಸಂಶಯಪಟ್ಟು ತಪ್ಪುವುದು ಎಂಬ ಎರಡು ದಾರಿಗಳಿವೆ. ನಮ್ಮವರು ಎರಡನೆಯ ದಾರಿಯಲ್ಲಿ ನಡೆದದ್ದೇ ಹೆಚ್ಚು. ಮೊದಲನೆಯದರಲ್ಲಿ ನಡೆದ ಒಬ್ಬರಾದರೂ ಇದ್ದರೆಂಬುದು ಸಮಾಧಾನದ ಸಂಗತಿ.

ಕನ್ನಡಿ ನಮ್ಮ ಕಡೆಗೆ

‘ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ’ ಎಂಬ ಹೆಸರನ್ನು ಓದಿ ಸುಮ್ಮನೆ ಮುಂದೆ ಹೋಗುವುದು ನಮಗೆ ಸಾಧ್ಯವಾಗಬಾರದು. ಬಸವಣ್ಣನವರು ಹೊಲೆಯ ಮಾದಿಗರೆನಿಸಿಕೊಂಡವರನ್ನು ತಮ್ಮ ಮನೆಯವರೆಂದು ಬಗೆದರು. ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಆದ ಮದುವೆಯ ಕಾರಣದಿಂದ ಕಲ್ಯಾಣದಲ್ಲಿ ರಕ್ತ ಹರಿಯಿತೆಂದು ಪರಂಪರೆ ಹೇಳುತ್ತದೆ. ಇದನ್ನು ಸಭಾಪಾಲಕರೊಬ್ಬರು ಕೊಂಡಾಡಿ ಬರೆದಾಗ ಅದರ ಬೆಳಕು ಅವರ ಸಭೆಯ ಮೇಲೂ ಬೀಳುತ್ತದೆ.

ಆ ಬೆಳಕಿನಲ್ಲಿ ನಮ್ಮನ್ನು ನಾವು ನೋಡಿಕೊಳ್ಳೋಣ. ಕರ್ತನ ಮೇಜಿನ ಬಳಿಗೆ ನಾವೆಲ್ಲರೂ ಒಟ್ಟಾಗಿ ಹೋಗುತ್ತೇವೆ. ಒಂದೇ ರೊಟ್ಟಿ, ಒಂದೇ ಪಾತ್ರೆ. ಆದರೆ ಮಗಳಿಗೆ ವರ ನೋಡುವಾಗ, ಇವರು ಮೊದಲು ಯಾವ ಜನ ಎಂಬ ಪ್ರಶ್ನೆ ಮೆಲುದನಿಯಲ್ಲಿ ಕೇಳಿಬರುವುದಿಲ್ಲವೇ? ಮೂರು ನಾಲ್ಕು ತಲೆಮಾರಿನ ಹಿಂದೆ ದೀಕ್ಷಾಸ್ನಾನ ಹೊಂದಿದ ಕುಟುಂಬಗಳಲ್ಲಿಯೂ ಆ ನೆನಪು ಮಾಸದೆ ಉಳಿದಿರುವುದೇಕೆ? ಉತ್ತಂಗಿಯವರು ನೆರೆಯವರ ಪರಂಪರೆಯಲ್ಲಿದ್ದ ಒಳ್ಳೆಯದನ್ನು ಎತ್ತಿ ಹಿಡಿದುದರ ಫಲವಾಗಿ ನಮ್ಮ ಪರಂಪರೆಯ ಕುಂದು ನಮಗೇ ಕಾಣುವಂತಾಗಿದೆ. ನೆರೆಯವರ ಪುಸ್ತಕವನ್ನು ಪ್ರೀತಿಯಿಂದ ಓದುವವನು ಅದರಿಂದ ತಾನೂ ತಿದ್ದಿಸಿಕೊಳ್ಳುತ್ತಾನೆ. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನ ಕಥೆಯನ್ನು ಕರ್ತನು ಹೇಳುವಾಗ ನೆರೆಯವನಾಗಿ ನಡೆದುಕೊಂಡವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಧರ್ಮಬೋಧಕನು ಅವನಿಂದ ಕಲಿಯಬೇಕಾಯಿತು. ಆ ಸಾಮ್ಯದ ಅರ್ಥವನ್ನು ನಮ್ಮ ನಾಡಿನಲ್ಲಿ ಬದುಕಿ ತೋರಿಸಿದವರ ಸಾಲಿನಲ್ಲಿ ಚನ್ನಪ್ಪನವರಿದ್ದಾರೆ.

ಕಲಬುರ್ಗಿಯ ಪೀಠ

೧೯೪೯ರ ಕಲಬುರ್ಗಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿರಿ. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತ್ತು. ಅದಕ್ಕೆ ಮುನ್ನ ನಡೆದ ಹಿಂಸೆಯ ನೆನಪು ಎಲ್ಲ ಮತದವರ ಮನೆಗಳಲ್ಲಿಯೂ ಹಸಿಯಾಗಿತ್ತು. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಅವರು ಒಂದಾಗುವುದಕ್ಕೆ ೧೯೫೬ರ ನವೆಂಬರಿನವರೆಗೆ ಕಾಯಬೇಕಾಗಿತ್ತು. ಅಂಥ ಹೊತ್ತಿನಲ್ಲಿ, ಮತದ ಹೆಸರಿನಲ್ಲಿ ನೊಂದ ಆ ಊರಿನಲ್ಲಿ, ಕನ್ನಡಿಗರು ತಮ್ಮ ಸಾಹಿತ್ಯದ ಹಿರಿಯ ಪೀಠಕ್ಕೆ ಒಬ್ಬ ಕ್ರೈಸ್ತ ಸಭಾಪಾಲಕರನ್ನು ಕರೆದರು. ಸಂಖ್ಯೆಯ ಬಲದಿಂದ ಬಂದ ಗೌರವ ಅದಾಗಿರಲಿಲ್ಲ, ಏಕೆಂದರೆ ನಮ್ಮ ಸಂಖ್ಯೆ ಅಂದೂ ಅಲ್ಪ, ಇಂದೂ ಅಲ್ಪ. ನಾಡಿನ ಮಾತನ್ನು ಪ್ರಾಮಾಣಿಕವಾಗಿ ಕೇಳಿಸಿಕೊಂಡವನ ಮಾತನ್ನು ಕೇಳಲು ನಾಡೂ ಸಿದ್ಧವಾಗಿತ್ತು. ಮಲ್ಲಸಮುದ್ರದಲ್ಲಿ ದೊರೆಯದೆ ಹೋದ ವಿಶ್ವಾಸ ನೂರು ವರ್ಷಗಳ ತರುವಾಯ ಕಲಬುರ್ಗಿಯಲ್ಲಿ ದೊರೆಯಿತೆಂದು ನಾನು ಭಾವಿಸುತ್ತೇನೆ. ಅವರು ೧೯೬೨ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ನಮ್ಮ ಮನೆಗಳಿಗೆ

ಇಷ್ಟನ್ನು ಓದಿದ ನೀವು, ನಾವೇನು ವಿದ್ವಾಂಸರೇ, ಗ್ರಂಥ ಸಂಪಾದಿಸುವುದು ನಮ್ಮಿಂದಾದೀತೇ ಎಂದು ಕೇಳಬಹುದು. ಅಷ್ಟು ದೊಡ್ಡದನ್ನು ಯಾರೂ ಕೇಳುತ್ತಿಲ್ಲ. ನಮ್ಮ ಮನೆಗಳ ಸ್ಥಿತಿಯನ್ನು ಮಾತ್ರ ನೋಡಿಕೊಳ್ಳಬೇಕು. ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಅದು ಹೊಟ್ಟೆಯ ಪ್ರಶ್ನೆ, ಅದಕ್ಕಾಗಿ ಯಾರನ್ನೂ ಜರಿಯಲಾಗದು. ಆದರೆ ಅನೇಕ ಮನೆಗಳಲ್ಲಿ ಕನ್ನಡ ಸತ್ಯವೇದವನ್ನು ತಡವರಿಸದೆ ಓದಬಲ್ಲವರು ಅಜ್ಜ ಅಜ್ಜಿಯರು ಮಾತ್ರ ಎಂಬಂತಾಗಿದೆ. ದೇವಾಲಯದಲ್ಲಿ ನಾವಾಡುವ ಕನ್ನಡ ಒಂದು, ಸಂತೆಯಲ್ಲಿ ಆಡುವ ಕನ್ನಡ ಇನ್ನೊಂದು. ಕಟ್ಟೆಯ ಮೇಲಿನ ಹಿರಿಯರಿಗೆ ನಮ್ಮ ಪ್ರಾರ್ಥನೆಯ ಭಾಷೆ ತಿಳಿಯದು. ನಮ್ಮ ಮಕ್ಕಳಿಗೆ ಅವರ ತ್ರಿಪದಿ ತಿಳಿಯದು. ಒಂದೇ ಊರಿನಲ್ಲಿದ್ದೂ ಹೀಗೆ ಪರಸ್ಪರ ಅಪರಿಚಿತರಾಗುವುದು ಸಭೆಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ.

ಆದುದರಿಂದ ಚಿಕ್ಕದೊಂದು ಕೆಲಸವನ್ನು ಸೂಚಿಸುತ್ತೇನೆ. ಊರಿನ ಗ್ರಂಥಾಲಯದಿಂದ ‘ಸರ್ವಜ್ಞನ ವಚನಗಳು’ ಪುಸ್ತಕವನ್ನು ಮನೆಗೆ ತನ್ನಿರಿ. ರಾತ್ರಿಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಂದ ಒಂದು ತ್ರಿಪದಿಯನ್ನು ಗಟ್ಟಿಯಾಗಿ ಓದಿಸಿರಿ. ಅರ್ಥವಾಗದ ಪದವಿದ್ದರೆ ಪಕ್ಕದ ಮನೆಯ ಹಿರಿಯರ ಬಳಿಗೆ ಮಗುವನ್ನೇ ಕಳುಹಿಸಿರಿ: ಅಜ್ಜಾ, ಈ ಮಾತಿನ ಅರ್ಥವೇನು ಎಂದು ಕೇಳಿಬರಲಿ. ಆ ಮಗು ಪದದ ಅರ್ಥದೊಂದಿಗೆ ಇನ್ನೂ ಏನನ್ನೋ ತರುತ್ತದೆ. ನೆರೆಮ���ೆಯವರ ಬಳಿ ತಿಳಿದವರಂತೆ ಹೇಳಹೋಗುವುದು ಒಂದು ಅಭ್ಯಾಸ. ತಿಳಿಯದವರಂತೆ ಕೇಳಹೋಗುವುದು ಇನ್ನೊಂದು. ಎರಡನೆಯ ಅಭ್ಯಾಸ ನಮ್ಮಲ್ಲಿ ಬೆಳೆದರೆ ಮೊದಲನೆಯದಕ್ಕೂ ಬೆಲೆ ಬರುತ್ತದೆ.

ಮುಂದೊಂದು ಸಂಜೆ ಅಡರಕಟ್ಟಿಯ ಕಟ್ಟೆಯ ಮೇಲೆ ಹಿರಿಯರೊಬ್ಬರು ತ್ರಿಪದಿಯ ಎರಡು ಸಾಲು ಹೇಳಿ ಮೂರನೆಯದು ನೆನಪಾಗದೆ ತಡೆದು ನಿಂತಾಗ, ಆ ಸಾಲನ್ನು ಪೂರ್ತಿ ಮಾಡುವ ದನಿ ನಮ್ಮ ಸಭೆಯ ಮಗುವಿನದಾಗಿರಲಿ. ಉತ್ತಂಗಿ ಅಯ್ಯನವರಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ಹಿರಿದಾದುದು ಇನ್ನೊಂದಿಲ್ಲ. ಕೇಳುವ ಕಿವಿಯನ್ನು ಕರ್ತನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ.